ಕಡಲೆಕಾಯಿ ಅಲರ್ಜಿ ಇರುವ ಮಗ ಅಡ್ರಿನಲಿನ್ ಪೆನ್ ಒಯ್ಯಲು ಒಪ್ಪುತ್ತಿಲ್ಲ, ಏನು ಮಾಡಲಿ?

ನೆರಳುಮರ:
ಮಗನಿಗೆ ಹದಿನಾಲ್ಕು. ಕಡಲೆಕಾಯಿ ಆಗುವುದಿಲ್ಲ ಎಂಬುದು ಅವನು ತೊದಲು ಮಾತಾಡುತ್ತಿದ್ದ ಕಾಲದಿಂದಲೇ ಗೊತ್ತು. ಚಿಕ್ಕವನಿದ್ದಾಗ ಅವನ ಬಾಯಿಗೆ ಏನು ಹೋಗುತ್ತದೆ ಎಂಬುದು ನನ್ನ ಕೈಯಲ್ಲಿತ್ತು. ಈಗ ಇಲ್ಲ. ಕಳೆದ ತಿಂಗಳು ಗೆಳೆಯನ ಮನೆಯಲ್ಲಿ ಬಿಸ್ಕತ್ತು ತಿಂದಿದ್ದಾನೆ. ಮೊದಲು ತುಟಿ ಜುಮುಗುಟ್ಟಿತಂತೆ, ಆಮೇಲೆ ವಾಂತಿ, ಆಮೇಲೆ ಧ್ವನಿ ಗೊಗ್ಗರಾಯಿತು. ಆ ಮನೆಯವರು ಅಲರ್ಜಿ ಮಾತ್ರೆ ನುಂಗಿಸಿ 'ಸ್ವಲ್ಪ ಹೊತ್ತು ನೋಡೋಣ' ಎಂದು ಕುಳಿತಿದ್ದರು. ಆಸ್ಪತ್ರೆ ತಲುಪುವಷ್ಟರಲ್ಲಿ ಎದೆ ಸುಯ್ಯೆನ್ನುತ್ತಿತ್ತು. ಅಡ್ರಿನಲಿನ್ ಕೊಟ್ಟ ಮೇಲೆಯೇ ಉಸಿರಾಟ ಸಲೀಸಾದದ್ದು.

ಈಗ ತಲೆನೋವು ಬೇರೆ. ವೈದ್ಯರು ಎರಡು ಅಡ್ರಿನಲಿನ್ ಪೆನ್ ಬರೆದುಕೊಟ್ಟಿದ್ದಾರೆ, ತೊಡೆಗೆ ಒತ್ತಿದರೆ ತಾನೇ ಮದ್ದು ಚುಚ್ಚುವಂಥದ್ದು. ಇವನು ಮುಟ್ಟುವುದಿಲ್ಲ. 'ಎಲ್ಲರೂ ನೋಡುತ್ತಾರೆ' ಎನ್ನುತ್ತಾನೆ. ಮುಂದಿನ ವಾರ ಶಾಲಾ ಪ್ರವಾಸ. ಶಾಲೆಯವರು 'ನಮಗೇ ಕೊಟ್ಟುಬಿಡಿ, ಕಚೇರಿಯ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇವೆ' ಎನ್ನುತ್ತಾರೆ. ಮನೆಯ ಹಿರಿಯರದು ಇನ್ನೊಂದು ರಾಗ: 'ಮೊದಲು ಮಾತ್ರೆ ಕೊಡು, ಸೂಜಿ ಕೊನೆಗೆ.' ಅನುಭವ ಇದ್ದವರು ಹೇಳಿ.

ಗಾಳಿಪಟ:
ಆ ಬೀರುವಿನ ಕೀಲಿ ಯಾರ ಬಳಿ ಇರುತ್ತದೆ ಎಂದು ಕೇಳಿದಿರಾ?

ನೆರಳುಮರ:
ಕೇಳಿದೆ. ಗುಮಾಸ್ತರ ಬಳಿಯಂತೆ. ಅವರು ಪ್ರವಾಸಕ್ಕೆ ಬರುವುದಿಲ್ಲ.

ನೇರಮಾತು:
ಬೇಸರ ಮಾಡಿಕೊಳ್ಳಬೇಡಿ, ಆದರೆ ಈ ಅಲರ್ಜಿಗಳೆಲ್ಲ ಈಚಿನವು. ನಾವು ಓದುವಾಗ ತರಗತಿಯಲ್ಲಿ ಒಬ್ಬನಿಗೂ ಇರಲಿಲ್ಲ. ಮಕ್ಕಳನ್ನು ಹತ್ತಿಯಲ್ಲಿ ಸುತ್ತಿ ಬೆಳೆಸಿದರೆ ಹೀಗೇ ಆಗುವುದು. ಒಂದು ಮಾತ್ರೆಗೆ ಇಳಿಯುವ ತುರಿಕೆಗೆ ಇಷ್ಟೊಂದು ಗಲಾಟೆ ಏಕೆ?

ರಾತ್ರಿಪಾಳಿ:
ನಾನು ತುರ್ತು ಚಿಕಿತ್ಸಾ ವಿಭಾಗದ ದಾದಿ. ನೇರಮಾತು ಅವರೇ, ಧ್ವನಿ ಗೊಗ್ಗರಾಗಿ ಎದೆ ಸುಯ್ಯೆನ್ನುವುದು ತುರಿಕೆಯಲ್ಲ. ಮೈಯೆಲ್ಲ ಆವರಿಸಿ ಜೀವಕ್ಕೇ ಅಪಾಯ ತರುವ ಅಲರ್ಜಿ ಅದು, ಅದಕ್ಕೆ ಅನಾಫಿಲಾಕ್ಸಿಸ್ ಎನ್ನುತ್ತಾರೆ.

ನೆರಳುಮರ ಅವರೇ, ಹಿರಿಯರು ಹೇಳಿದ್ದನ್ನು ತಲೆಕೆಳಗು ಮಾಡಿಕೊಳ್ಳಿ: ಸೂಜಿ ಮೊದಲು, ಮಾತ್ರೆ ಆಮೇಲೆ, ಅದೂ ಬೇಕೆನಿಸಿದರೆ. ಅಲರ್ಜಿ ಮಾತ್ರೆ, ಅಂದರೆ ಆಂಟಿಹಿಸ್ಟಮಿನ್, ಗಂಧೆ ಮತ್ತು ತುರಿಕೆಯನ್ನು ಇಳಿಸುತ್ತದೆ, ಅಷ್ಟೇ. ಅದಕ್ಕೂ ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಊದಿಕೊಂಡ ಗಂಟಲು, ಬಿಗಿದ ಶ್ವಾಸನಾಳ, ಕುಸಿಯುತ್ತಿರುವ ರಕ್ತದೊತ್ತಡ, ಈ ಮೂರರಲ್ಲಿ ಒಂದಕ್ಕೂ ಅದು ಕೈ ಹಾಕುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಕಿಟಕಿ ಒರೆಸಿದ ಹಾಗೆ. ಅಡ್ರಿನಲಿನ್ ಈ ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ: ಸಡಿಲವಾದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಶ್ವಾಸನಾಳವನ್ನು ಸಡಿಲಿಸುತ್ತದೆ, ಅಲರ್ಜಿ ಕೆರಳಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತಿರುವ ಮಾಸ್ಟ್ ಕೋಶಗಳ ಬಾಯಿ ಮುಚ್ಚಿಸುತ್ತದೆ.

ಕೊಡಬೇಕಾದ ಜಾಗ ತೊಡೆಯ ಹೊರಮಗ್ಗುಲಿನ ನಡುಭಾಗ, ಸ್ನಾಯುವಿಗೆ. ಮಕ್ಕಳಲ್ಲಿ ನಡೆಸಿದ ಒಂದು ಅಧ್ಯಯನದಲ್ಲಿ ಹೀಗೆ ಕೊಟ್ಟಾಗ ಸರಾಸರಿ 8 ನಿಮಿಷಕ್ಕೆ ರಕ್ತದಲ್ಲಿ ಮದ್ದಿನ ಮಟ್ಟ ತುದಿ ಮುಟ್ಟಿತು. ಚರ್ಮದಡಿ ಕೊಟ್ಟಾಗ 34 ನಿಮಿಷ ಹಿಡಿಯಿತು. ಪ್ಯಾಂಟು ಬಿಚ್ಚುವ ಅಗತ್ಯವಿಲ್ಲ, ಬಟ್ಟೆಯ ಮೇಲಿಂದಲೇ ಒತ್ತಬಹುದು. 5ರಿಂದ 15 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಪೆನ್. ಎರಡು ಬರೆದುಕೊಟ್ಟಿರುವುದು ಅದಕ್ಕೇ. ಶಾಲೆಗೆ ಒಂದು, ಮನೆಗೆ ಒಂದು ಎಂದು ಹಂಚಬೇಡಿ. ಎರಡೂ ಹುಡುಗನ ಜೊತೆಗೇ ಇರಲಿ.

ಹಳೆಯಮೇಷ್ಟರು:
ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಮಾಡಿದವನು ನಾನು. ಶಾಲೆಯವರ ಪರವಾಗಿ ಒಂದು ಮಾತು ಹೇಳಲೇಬೇಕು. ಬೀಗ ಹಾಕುವುದು ದುರುದ್ದೇಶದಿಂದಲ್ಲ. ಸೂಜಿ ಎಂದರೆ ಅವರಿಗೆ ಭಯ. ಇನ್ನೊಂದು ಮಗು ಆಟಕ್ಕೆಂದು ಚುಚ್ಚಿಕೊಂಡರೆ ಉತ್ತರ ಹೇಳಬೇಕಾದವರು ಅವರೇ. ಆದರೆ ಬೀಗ ತಪ್ಪು ಪರಿಹಾರ ಎಂಬುದೂ ನಿಜ. ವೈದ್ಯರ ಸಹಿ ಇರುವ ಒಂದು ಪುಟದ ಸೂಚನೆ ಕೊಡಿ: ಹುಡುಗನ ಫೋಟೊ, ಏನಾದರೆ ಏನು ಮಾಡಬೇಕು, ಯಾರಿಗೆ ಕರೆ ಮಾಡಬೇಕು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ವಾದಕ್ಕೆ ನಿಂತರೆ ಏನೂ ಆಗುವುದಿಲ್ಲ, ಪ್ರವಾಸಕ್ಕೆ ಹೋಗುವ ಶಿಕ್ಷಕರು ಯಾರೆಂದು ಕೇಳಿ ಅವರ ಬಳಿಗೇ ಹೋಗಿ.

ಕಿಸೆಪೆನ್ನು:
ಅಕ್ಕಾ, ನನಗೆ ಈಗ ಇಪ್ಪತ್ತೊಂದು. ಕಡಲೆಕಾಯಿ ಅಲರ್ಜಿಯ ಜೊತೆಗೆ ಉಬ್ಬಸವೂ ಇದೆ. ನಿಮ್ಮ ಮಗನ ಪರವಾಗಿ ವಕಾಲತ್ತು ವಹಿಸುತ್ತೇನೆ, ಕೋಪಿಸಿಕೊಳ್ಳಬೇಡಿ.

ಅವನಿಗೆ ಪೆನ್ನಿನ ಮೇಲೆ ಸಿಟ್ಟಿಲ್ಲ. ಪೆನ್ನಿನ ಜೊತೆ ಬರುವ ಭಾಷಣದ ಮೇಲೆ ಸಿಟ್ಟು. ನನ್ನ ತಾಯಿ ಹೋದಲ್ಲೆಲ್ಲ ನಾನು ಚಪ್ಪಲಿ ಬಿಡುವ ಮೊದಲೇ 'ಇವಳಿಗೆ ಕಡಲೆಕಾಯಿ ಆಗುವುದಿಲ್ಲ' ಎಂದು ಸಾರುತ್ತಿದ್ದರು. ಹದಿಮೂರರ ಹುಡುಗಿಗೆ ಅದು ನರಕ. ಸರಿಹೋದದ್ದು ಯಾವಾಗ ಎಂದರೆ, ಹೇಳುವ ಕೆಲಸವನ್ನು ಅವರು ನನಗೆ ಬಿಟ್ಟುಕೊಟ್ಟಾಗ. ಅವರು ತಂದಿದ್ದ ಚೀಲದ ಮೇಲೆ ಕೆಂಪು ಶಿಲುಬೆಯ ಗುರುತಿತ್ತು, ದೂರದಿಂದಲೇ ಕಾಣುವಂಥದ್ದು. ಅದನ್ನು ಬಿಟ್ಟು ನಾನೇ ಒಂದು ಕಪ್ಪು ಕನ್ನಡಕದ ಡಬ್ಬಿ ಆರಿಸಿಕೊಂಡೆ. ಎರಡು ಪೆನ್ ಅದರಲ್ಲಿ ಅಡ್ಡಡ್ಡ ಕೂರುತ್ತವೆ, ಉಬ್ಬಸದ ಇನ್ಹೇಲರ್ ಪಕ್ಕದಲ್ಲಿ. ಯಾರೂ ಕೇಳುವುದಿಲ್ಲ.

ಮತ್ತೆ, ಇಡೀ ತರಗತಿಗೆ ಹೇಳುವ ಅಗತ್ಯವಿಲ್ಲ. ಇಬ್ಬರು ಗೆಳೆಯರಿಗೆ ಹೇಳಿದರೆ ಸಾಕು, ಆದರೆ ಆ ಇಬ್ಬರಿಗೆ ಸರಿಯಾಗಿ ಕಲಿಸಬೇಕು. ಸೂಜಿ ಇಲ್ಲದ ತರಬೇತಿ ಪೆನ್ ಸಿಗುತ್ತದೆ. ನನ್ನ ಗೆಳತಿಯರು ಅದನ್ನು ತೊಡೆಗೆ ಒತ್ತಿ ಒತ್ತಿ ನಗುತ್ತಾ ಕಲಿತರು. ನಿಮ್ಮ ಮಗನ ಗೆಳೆಯರಿಗೆ ಕೊಟ್ಟು ನೋಡಿ, ಒಂದು ಸಂಜೆಯಲ್ಲಿ ಅವರು ಎಲ್ಲ ಶಿಕ್ಷಕರಿಗಿಂತ ಚೆನ್ನಾಗಿ ಕಲಿಯುತ್ತಾರೆ.

ಗಾಳಿಪಟ:
ಕನ್ನಡಕದ ಡಬ್ಬಿ! ಇದನ್ನು ಬರೆದಿಟ್ಟುಕೊಂಡೆ.

ನೇರಮಾತು:
ಸರಿ, ತುರಿಕೆ ಎಂದದ್ದನ್ನು ಬಿಡೋಣ. ಆದರೆ 'ನಮ್ಮ ಕಾಲದಲ್ಲಿ ಇರಲಿಲ್ಲ' ಎಂಬುದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಮಕ್ಕಳವೈದ್ಯೆ:
ಕೊಡುತ್ತೇನೆ. ಕಾಯಿಲೆ ಹೊಸದಲ್ಲ. ಅನಾಫಿಲಾಕ್ಸಿಸ್ ಎಂಬ ಹೆಸರೇ 1902ರದು. ಆ ಕೆಲಸಕ್ಕೆ ಶಾರ್ಲ್ ರಿಶೆ ಅವರಿಗೆ 1913ರಲ್ಲಿ ನೊಬೆಲ್ ಬಂತು. ಆದರೆ ಕೆಲವು ದೇಶಗಳಲ್ಲಿ ಕಡಲೆಕಾಯಿ ಅಲರ್ಜಿ ಹೆಚ್ಚಿದೆ ಎಂಬ ನಿಮ್ಮ ಅನುಮಾನ ಸುಳ್ಳಲ್ಲ. ಅಮೆರಿಕದಲ್ಲಿ ದೂರವಾಣಿ ಮೂಲಕ ನಡೆಸಿದ ಸಮೀಕ್ಷೆಗಳಲ್ಲಿ ಕಡಲೆಕಾಯಿ ಅಲರ್ಜಿ ಇದೆ ಎಂದು ವರದಿಯಾದ ಮಕ್ಕಳ ಪ್ರಮಾಣ 1997ರಲ್ಲಿ ಶೇ. 0.4 ಇದ್ದದ್ದು 2008ರ ಹೊತ್ತಿಗೆ ಶೇ. 1.4 ಆಯಿತು. ಮನೆಯವರು ಹೇಳಿದ್ದನ್ನೇ ನಂಬಿ ಬರೆದ ಲೆಕ್ಕ ಅದು, ಆದರೂ ಏರಿಕೆ ಎದ್ದು ಕಾಣುತ್ತದೆ.

ಹತ್ತಿಯಲ್ಲಿ ಸುತ್ತಿದ್ದು ಎಂದಿರಲ್ಲ, ಅದರಲ್ಲೂ ಒಂದು ಎಳೆ ನಿಜವಿದೆ. ಆದರೆ ಸುತ್ತಲು ಹೇಳಿದವರು ತಾಯಂದಿರಲ್ಲ, ವೈದ್ಯರು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದಿತು. 2008ರಲ್ಲಿ ಆ ಸಲಹೆಯನ್ನು ಹಿಂದೆ ತೆಗೆದುಕೊಂಡಿತು.

ಪುಟ್ಟಿಯಪ್ಪ:
ಇಲ್ಲೇ ಒಂದು ಪ್ರಶ್ನೆ. ನನ್ನ ಮಗಳಿಗೆ ಐದು ತಿಂಗಳು, ಕೆನ್ನೆ ಮತ್ತು ಮೊಣಕೈ ಮಡಿಕೆಯಲ್ಲಿ ವಿಪರೀತ ಇಸುಬು. ಒಬ್ಬರು ಶೇಂಗಾ ಬೇಗ ತಿನ್ನಿಸಿ ಎನ್ನುತ್ತಾರೆ, ಇನ್ನೊಬ್ಬರು ಮುಟ್ಟಿಸಲೇಬೇಡಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಮಕ್ಕಳವೈದ್ಯೆ:
ಮೊದಲನೆಯವರದು, ಆದರೆ ನಿಮ್ಮ ಮಗುವಿನ ವಿಷಯದಲ್ಲಿ ಪರೀಕ್ಷೆ ಮಾಡಿಸದೆ ಬೇಡ.

ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಒಂದು ವಿಚಿತ್ರ ಗಮನಿಸಿದರು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇಸ್ರೇಲಿನ ಮಕ್ಕಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಇಸ್ರೇಲಿನಲ್ಲಿ ಮಕ್ಕಳು ಹಲ್ಲು ಬರುವ ಮೊದಲೇ ಕಡಲೆಕಾಯಿ ತಿಂಡಿ ಚೀಪುತ್ತಾರೆ, ಬ್ರಿಟನ್ನಿನಲ್ಲಿ ಇಲ್ಲ. ಆಗ ಅವರು 4ರಿಂದ 11 ತಿಂಗಳಿನ, ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳನ್ನು ಎರಡು ಗುಂಪು ಮಾಡಿದರು. 2015ರಲ್ಲಿ ಫಲಿತಾಂಶ ಬಂತು: ದೂರವಿಟ್ಟ ಗುಂಪಿನಲ್ಲಿ ಶೇ. 17.2 ಮಕ್ಕಳಿಗೆ ಐದನೆಯ ವರ್ಷಕ್ಕೆ ಅಲರ್ಜಿ, ತಿನ್ನಿಸಿದ ಗುಂಪಿನಲ್ಲಿ ಶೇ. 3.2. ಅದೇ ಮಕ್ಕಳನ್ನು ಹದಿಹರೆಯದಲ್ಲಿ ಮತ್ತೆ ನೋಡಿದಾಗಲೂ ಲಾಭ ಉಳಿದಿತ್ತು.

ಕಾರಣ ಇರಬಹುದಾದದ್ದು ಇದು: ಇಸುಬಿನಿಂದ ಬಿರುಕುಬಿಟ್ಟ ಚರ್ಮದ ಮೂಲಕ ಮೊದಲು ಪರಿಚಯವಾದ ಪ್ರೋಟೀನನ್ನು ದೇಹ ಶತ್ರುವೆಂದು ಗುರುತು ಹಾಕಿಕೊಳ್ಳುತ್ತದೆ, ಬಾಯಿಯ ಮೂಲಕ ಬಂದದ್ದನ್ನು ಆಹಾರವೆಂದು ಒಪ್ಪಿಕೊಳ್ಳುತ್ತದೆ. ಆದ್ದರಿಂದ ಇಸುಬಿಗೆ ಚೆನ್ನಾಗಿ ಮದ್ದು ಮಾಡಿ. ತೀವ್ರ ಇಸುಬು ಇರುವ ಮಗುವಿಗೆ ಮೊದಲು ಪರೀಕ್ಷೆ, ಆಮೇಲೆ ವೈದ್ಯರ ಸಲಹೆಯಂತೆ ನುಣ್ಣನೆಯ ಪೇಸ್ಟನ್ನು ತೆಳ್ಳಗೆ ಕಲಸಿ ಕೊಡುವುದು. ಇಡಿಯ ಕಾಳು ಕೊಡಲೇಬಾರದು, ಐದು ವರ್ಷದವರೆಗೂ. ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಪುಟ್ಟಿಯಪ್ಪ:
ತುಂಬಾ ಉಪಕಾರವಾಯಿತು, ಡಾಕ್ಟರೇ. ಈ ವಾರವೇ ತೋರಿಸುತ್ತೇನೆ.

ನೇರಮಾತು:
ಅಂದರೆ ವೈದ್ಯರೇ ಎಂಟು ವರ್ಷ ತಪ್ಪು ದಾರಿ ತೋರಿಸಿದರು, ಈಗ ವೈದ್ಯರ ಮಾತು ಕೇಳಿ ಎನ್ನುತ್ತೀರಿ. ಚೆನ್ನಾಗಿದೆ.

ಮಕ್ಕಳವೈದ್ಯೆ:
ಪುರಾವೆ ಬದಲಾದಾಗ ಸಲಹೆ ಬದಲಾಯಿಸಿದವರ ಮಾತು ಕೇಳಿ ಎನ್ನುತ್ತೇನೆ. ಬದಲಾಯಿಸದವರ ಹತ್ತಿರ ಹೋಗುವುದಾದರೆ ನಿಮ್ಮಿಷ್ಟ.

ಕಲ್ಲುಸಕ್ಕರೆ:
ವಿಷಯ ಸ್ವಲ್ಪ ಬೇರೆ. ನನ್ನ ಅಣ್ಣನ ಮಗಳ ತರಗತಿಯಲ್ಲಿ ಒಂದು ಮಗುವಿಗೆ ಈ ಅಲರ್ಜಿ ಇದೆಯೆಂದು ಎಲ್ಲ ಮಕ್ಕಳಿಗೂ ಕಡಲೆಕಾಯಿ ತರಬಾರದೆಂದು ಹೇಳಿದ್ದಾರೆ. ವಾಸನೆಯಿಂದಲೇ ಜೀವಕ್ಕೆ ಅಪಾಯವಂತೆ. ಇದು ಅತಿಯಲ್ಲವೇ?

ನೇರಮಾತು:
ಅತಿಯೇ.

ಅಂಚಿನಸಾಲು:
ಅತಿಯಲ್ಲ! ಒಬ್ಬರ ಡಬ್ಬಿಯ ತಿಂಡಿ ಇನ್ನೊಬ್ಬರ ಜೀವಕ್ಕಿಂತ ದೊಡ್ಡದೇ?

ರಾತ್ರಿಪಾಳಿ:
ಇಬ್ಬರೂ ಸ್ವಲ್ಪ ತಡೆಯಿರಿ. ವಾಸನೆ ಎಂದರೆ ಹಾರಿಹೋಗುವ ಸಣ್ಣ ಅಣುಗಳು, ಅವು ಪ್ರೋಟೀನ್ ಅಲ್ಲ. ಅಲರ್ಜಿ ಮಾಡುವುದು ಪ್ರೋಟೀನ್. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೀವ್ರ ಅಲರ್ಜಿ ಇದ್ದ 30 ಮಕ್ಕಳ ಮೂಗಿನ ಹತ್ತಿರ ಕಡಲೆಕಾಯಿ ಬೆಣ್ಣೆ ಹಿಡಿದರು, ಚರ್ಮಕ್ಕೂ ಹಚ್ಚಿದರು. ಹಚ್ಚಿದ ಜಾಗದಲ್ಲಿ ಕೆಲವರಿಗೆ ಕೆಂಪಾಯಿತು, ಒಂದೆರಡು ಗಂಧೆ ಎದ್ದವು. ಮೈಯೆಲ್ಲ ಆವರಿಸುವ ಪ್ರತಿಕ್ರಿಯೆ ಒಬ್ಬರಿಗೂ ಆಗಲಿಲ್ಲ. ಅಪಾಯ ಇರುವುದು ಕೈಯಿಂದ ಬಾಯಿಗೆ ಹೋದಾಗ. ಅದಕ್ಕೆ ಉಪಾಯ ತಿಂದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದು, ಮೇಜು ಒರೆಸುವುದು. ಸ್ಯಾನಿಟೈಸರ್ ಉಪಯೋಗಕ್ಕೆ ಬರುವುದಿಲ್ಲ, ಅದು ಕ್ರಿಮಿಯನ್ನು ಕೊಲ್ಲುತ್ತದೆ, ಪ್ರೋಟೀನನ್ನು ತೆಗೆಯುವುದಿಲ್ಲ.

ಹಳೆಯಮೇಷ್ಟರು:
ಆದರೂ ಐದು ವರ್ಷದ ಮಕ್ಕಳ ತರಗತಿಯಲ್ಲಿ ತರಬಾರದೆನ್ನುವುದು ನ್ಯಾಯವೇ. ಆ ವಯಸ್ಸಿನವರು ಊಟ ಅದಲುಬದಲು ಮಾಡಿಕೊಳ್ಳುತ್ತಾರೆ, ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. ಹದಿನಾಲ್ಕರವರಿಗೆ ಅದೇ ನಿಯಮ ಹಾಕಿದರೆ ಆ ಹುಡುಗನನ್ನೇ ಎಲ್ಲರೂ ಕಾಡುತ್ತಾರೆ. 'ನಿನ್ನಿಂದ ನಮಗೆ ತಿಂಡಿ ತಪ್ಪಿತು' ಎಂದು. ತಮಾಷೆಗೆ ಅವನ ಚೀಲದೊಳಗೆ ಕಡಲೆಬೀಜ ಹಾಕಿದವರನ್ನೂ ಕಂಡಿದ್ದೇನೆ. ಅಂಥವರಿಗೆ ನಾನು ಕೊಟ್ಟ ಶಿಕ್ಷೆಯನ್ನು ಇಲ್ಲಿ ಬರೆಯುವುದಿಲ್ಲ.

ಗಾಳಿಪಟ:
ಬರೆಯಿರಿ ಮೇಷ್ಟ್ರೇ!

ನಿರ್ವಾಹಕ:
ಬೇಡ, ಮೇಷ್ಟ್ರೇ. ಅಲರ್ಜಿಯ ವಿಷಯಕ್ಕೆ ಬನ್ನಿ.

ಅಂಚಿನಸಾಲು:
ನಾನು ಆಹಾರ ಪೊಟ್ಟಣಗಳ ವಿವರಪಟ್ಟಿ ತಯಾರಿಸುವ ಕೆಲಸ ಮಾಡುತ್ತೇನೆ. ನೆರಳುಮರ ಅವರೇ, ಬಿಸ್ಕತ್ತಿನ ಪೊಟ್ಟಣದ ಮೇಲೆ 'ಕಡಲೆಕಾಯಿಯ ಅಂಶ ಇರಬಹುದು' ಎಂದಿತ್ತೇ? ಆ ಸಾಲು ಬಹುತೇಕ ದೇಶಗಳಲ್ಲಿ ಕಡ್ಡಾಯವಲ್ಲ. ಹಾಕುವುದು ಬಿಡುವುದು ತಯಾರಕರ ಮರ್ಜಿ. ಹಾಗಾಗಿ ಆ ಸಾಲು ಇಲ್ಲದಿದ್ದರೆ ಸುರಕ್ಷಿತ ಎಂದಲ್ಲ. ಹೋದ ವರ್ಷ ತಿಂದ ಅದೇ ಬಿಸ್ಕತ್ತು ಈ ವರ್ಷ ಬೇರೆ ಯಂತ್ರದಲ್ಲಿ ತಯಾರಾಗಿರಬಹುದು, ಪ್ರತಿ ಸಲವೂ ಓದಬೇಕು. ನಂಬಲಾಗದ ಕಡೆಯಿಂದಲೂ ಬರುತ್ತದೆ: 2014-15ರಲ್ಲಿ ಅಮೆರಿಕದಲ್ಲಿ ಜೀರಿಗೆ ಪುಡಿಯಲ್ಲಿ ಕಡಲೆಕಾಯಿ ಪ್ರೋಟೀನ್ ಸಿಕ್ಕಿ, ಆ ಪುಡಿ ಹಾಕಿದ್ದ ನೂರಾರು ಉತ್ಪನ್ನಗಳನ್ನು ವಾಪಸು ತರಿಸಿಕೊಂಡರು. ಎಣ್ಣೆಯಲ್ಲೂ ವ್ಯತ್ಯಾಸವಿದೆ. ಪೂರ್ತಿ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಬಹುಪಾಲು ಹೋಗಿರುತ್ತದೆ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ.

ನೆರಳುಮರ:
ಪೊಟ್ಟಣ ಇರಲಿಲ್ಲ, ಡಬ್ಬಿಯಲ್ಲಿ ಸುರಿದಿಟ್ಟಿದ್ದರು.

ಅಂಚಿನಸಾಲು:
ಹಾಗಾದರೆ ನಿಯಮ ಸುಲಭ. ಓದಲು ಪೊಟ್ಟಣ ಇಲ್ಲವೋ, ತಿನ್ನುವುದಿಲ್ಲ.

ಕಿಸೆಪೆನ್ನು:
ಹೇಳುವುದು ಸುಲಭ. ಗುಂಪಿನಲ್ಲಿ ಕುಳಿತಾಗ 'ನನಗೆ ಹಸಿವಿಲ್ಲ' ಎನ್ನುವುದನ್ನು ಮೊದಲು ಅಭ್ಯಾಸ ಮಾಡಿಸಿ.

ಇನ್ನೊಂದನ್ನು ಹಿರಿಯರು ಹೇಳಲು ಮುಜುಗರಪಡುತ್ತಾರೆ, ನಾನೇ ಹೇಳಿಬಿಡುತ್ತೇನೆ. ಕಡಲೆಕಾಯಿ ತಿಂದವರು ಮುತ್ತು ಕೊಟ್ಟರೂ ಪ್ರತಿಕ್ರಿಯೆ ಆಗಬಹುದು. ಹಲ್ಲುಜ್ಜಿದ ಮಾತ್ರಕ್ಕೆ ಎಂಜಲಿನಿಂದ ಅದು ಪೂರ್ತಿ ಹೋಗುವುದಿಲ್ಲ. ಕೆಲವು ಗಂಟೆ ಬಿಟ್ಟು, ನಡುವೆ ಕಡಲೆಕಾಯಿ ಇಲ್ಲದ ಊಟ ಒಂದಾಗಬೇಕು. ಹದಿಹರೆಯದವರಿಗೆ ಇದನ್ನು ಯಾರಾದರೂ ಹೇಳಲೇಬೇಕು. ಆ ವಯಸ್ಸಿನಲ್ಲಿ ನಿದ್ದೆಗೆಟ್ಟು, ಓಡಿ ಕುಣಿದು ದಣಿದಿರುತ್ತೇವೆ ಬೇರೆ. ಹಾಗಿದ್ದಾಗ ಎಂದಿಗಿಂತ ಕಡಿಮೆ ಪ್ರಮಾಣಕ್ಕೇ ಮೈ ಸಿಡಿದೇಳುತ್ತದೆ.

ಗಾಳಿಪಟ:
ನಮ್ಮ ಮನೆಯ ಕಾಲೇಜು ಹುಡುಗನಿಗೆ ಈ ಪೋಸ್ಟ್ ಕಳುಹಿಸಿದೆ. 'ಅತ್ತೆ, ಸಾಕು' ಎಂದು ಉತ್ತರ ಬಂತು.

ಮಕ್ಕಳವೈದ್ಯೆ:
ಕಿಸೆಪೆನ್ನು ಹೇಳಿದ್ದು ಸರಿ. ಇದಕ್ಕೆ ಸೇರಿಸಬೇಕಾದದ್ದು ಉಬ್ಬಸ. ಆಹಾರ ಅಲರ್ಜಿಯಿಂದ ಸಾವು ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ಅಂಥ ಸಾವುಗಳನ್ನು ಪರಿಶೀಲಿಸಿದವರಿಗೆ ಮತ್ತೆ ಮತ್ತೆ ಕಂಡದ್ದು ಒಂದೇ ಚಿತ್ರ: ಹದಿಹರೆಯದವರು ಅಥವಾ ಎಳೆಯ ಯುವಕರು, ಜೊತೆಗೆ ಉಬ್ಬಸ, ಅಡ್ರಿನಲಿನ್ ಸಿಗದೇ ಹೋಗಿದ್ದು ಅಥವಾ ತಡವಾಗಿ ಸಿಕ್ಕಿದ್ದು. ಮಗನಿಗೆ ಉಬ್ಬಸವಿದ್ದರೆ ಅದರ ಮದ್ದನ್ನು ಒಂದು ದಿನವೂ ತಪ್ಪಿಸಬೇಡಿ.

ಹಿಂದಿನ ಸಲ ಬರೀ ಗಂಧೆ ಎದ್ದಿದ್ದವು, ಈ ಸಲವೂ ಅಷ್ಟೇ ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ಗಂಧೆಯೇ ಇಲ್ಲದೆ ನೇರವಾಗಿ ಉಸಿರಿಗೇ ಬರುವುದೂ ಉಂಟು.

ದೂರತೀರ:
ನಾವಿರುವ ಕಡೆ ಪೆನ್ ಸಿಗುವುದೇ ಇಲ್ಲ. ಆಂಪೂಲ್ (ಮದ್ದು ತುಂಬಿದ ಗಾಜಿನ ಪುಟ್ಟ ಶೀಷೆ) ಮತ್ತು ಸಿರಿಂಜ್ ಕೊಡುತ್ತಾರೆ. ಅಷ್ಟು ಹೊತ್ತಿನಲ್ಲಿ ಗಾಜು ಒಡೆದು ಮದ್ದು ಎಳೆಯುವುದು ಹೇಗೆ?

ರಾತ್ರಿಪಾಳಿ:
ಕಷ್ಟ, ಆದರೆ ಆಗದ ಕೆಲಸವಲ್ಲ. ಪ್ರಮಾಣ ತೂಕದ ಪ್ರಕಾರ: ಒಂದು ಕಿಲೊಗೆ 0.01 ಮಿಲಿಗ್ರಾಂ. ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇರುವ ಆಂಪೂಲ್ ಆದರೆ 20 ಕಿಲೊ ಮಗುವಿಗೆ 0.2 ಮಿಲಿಲೀಟರ್. ದೊಡ್ಡವರಿಗೂ ಒಂದು ಸಲಕ್ಕೆ 0.5 ಮಿಲಿಗ್ರಾಂ ಮೀರಿ ಕೊಡುವುದಿಲ್ಲ. ನಿಮ್ಮ ಮಗುವಿನ ಗೆರೆ ಯಾವುದೆಂದು ವೈದ್ಯರಿಂದಲೇ ಗುರುತು ಹಾಕಿಸಿಕೊಂಡು, ಅವರ ಎದುರಿಗೇ ನೀರಿನಲ್ಲಿ ಅಭ್ಯಾಸ ಮಾಡಿ. ಸ್ನಾಯುವಿಗೆ ಹೋಗುವಷ್ಟು ಉದ್ದದ ಸೂಜಿ ಬೇಕು, ಅದನ್ನೂ ಕೇಳಿ ಪಡೆಯಿರಿ.

ಪೆನ್ ಇರುವವರಿಗೆ: ಫ್ರಿಜ್‌ನಲ್ಲಿ ಇಡಬೇಡಿ, ಬಿಸಿಲಿಗೆ ನಿಂತ ಕಾರಿನಲ್ಲೂ ಬಿಡಬೇಡಿ. ಪೆನ್ನಿನ ಪುಟ್ಟ ಕಿಟಕಿಯಲ್ಲಿ ದ್ರವ ತಿಳಿಯಾಗಿ ಕಾಣಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಿ. ಮುಷ್ಟಿಯಲ್ಲಿ ಹಿಡಿಯಿರಿ, ಹೆಬ್ಬೆರಳನ್ನು ತುದಿಯ ಮೇಲೆ ಇಡಬೇಡಿ; ಗಾಬರಿಯಲ್ಲಿ ಪೆನ್ ತಿರುವುಮುರುವಾಗಿ ಹೆಬ್ಬೆರಳಿಗೇ ಸೂಜಿ ಚುಚ್ಚಿಕೊಂಡು ಬಂದವರಿದ್ದಾರೆ. ಎಷ್ಟು ಸೆಕೆಂಡು ಒತ್ತಿ ಹಿಡಿಯಬೇಕೆಂಬುದು ಕೆಲವಕ್ಕೆ 3, ಕೆಲವಕ್ಕೆ 10, ನಿಮ್ಮದರ ಮೇಲೆ ಏನು ಬರೆದಿದೆ ನೋಡಿ.

ನೆರಳುಮರ:
ಹೊಸ ಚಿಕಿತ್ಸೆ ಬಂದಿದೆ, ಪೆನ್ನೇ ಬೇಕಾಗುವುದಿಲ್ಲ ಎಂದು ಮಗ ಎಲ್ಲೋ ಓದಿದ್ದಾನೆ. ನಿಜವೇ?

ಮಕ್ಕಳವೈದ್ಯೆ:
ಅರ್ಧ ನಿಜ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪಾಲ್ಫೋರ್ಜಿಯಾ ಎಂಬ ಕಡಲೆಕಾಯಿ ಪುಡಿಗೆ ಒಪ್ಪಿಗೆ ಕೊಟ್ಟಿತು, ಅತಿ ಸಣ್ಣ ಪ್ರಮಾಣದಿಂದ ಏರಿಸುತ್ತಾ ಹೋಗುವುದು. 2024ರಲ್ಲಿ ಓಮಾಲಿಜುಮಾಬ್ ಚುಚ್ಚುಮದ್ದಿಗೂ ಆಹಾರ ಅಲರ್ಜಿಯಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಪ್ರಯೋಗದಲ್ಲಿ ಮದ್ದು ಪಡೆದವರಲ್ಲಿ ಶೇ. 67 ಮಂದಿ 600 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನನ್ನು ತಾಳಿಕೊಂಡರು, ಪಡೆಯದವರಲ್ಲಿ ಶೇ. 7. 600 ಮಿಲಿಗ್ರಾಂ ಅಂದರೆ ಎರಡು ಮೂರು ಬೀಜ. ತಪ್ಪಿ ಬಾಯಿಗೆ ಬಿದ್ದ ಚೂರಿನಿಂದ ಕಾಪಾಡುವುದಕ್ಕೆ ಅದು ದೊಡ್ಡ ಮಾತು, ಬೇಕಾದ್ದನ್ನು ತಿನ್ನುವುದಕ್ಕಲ್ಲ. ಎರಡರಲ್ಲಿ ಯಾವುದನ್ನು ಪಡೆದರೂ ಪೆನ್ ಬಿಡುವಂತಿಲ್ಲ. ಹಾಂ, ಅದೇ ವರ್ಷ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್ ಕೂಡ ಬಂದಿದೆ. ನಿಮ್ಮಲ್ಲಿ ಸಿಗುತ್ತದೆಯೇ ವಿಚಾರಿಸಿ. ಸೂಜಿ ಇಲ್ಲವೆಂದರೆ ನಿಮ್ಮ ಮಗ ಒಪ್ಪಬಹುದು.

ನೇರಮಾತು:
ಒಂದು ಪ್ರಾಮಾಣಿಕ ಪ್ರಶ್ನೆ, ಬಯ್ಯಬೇಡಿ. ನನ್ನ ತಂಗಿಯ ಮಗನಿಗೆ ರಕ್ತ ಪರೀಕ್ಷೆಯಲ್ಲಿ ಕಡಲೆಕಾಯಿ ಅಲರ್ಜಿ ಎಂದು ಬಂತು. ಅವನು ಅದಕ್ಕೆ ಮೊದಲು ವರ್ಷಗಟ್ಟಲೆ ತಿಂದುಕೊಂಡೇ ಇದ್ದವನು, ಏನೂ ಆಗಿರಲಿಲ್ಲ. ಈಗ ಮನೆಯವರೆಲ್ಲ ನಿಲ್ಲಿಸಿದ್ದಾರೆ.

ಮಕ್ಕಳವೈದ್ಯೆ:
ಒಳ್ಳೆಯ ಪ್ರಶ್ನೆ, ಬಯ್ಯುವುದಿಲ್ಲ. ಪರೀಕ್ಷೆ ಹೇಳುವುದು ದೇಹದಲ್ಲಿ ಪ್ರತಿಕಾಯ ಇದೆ ಎಂದು. ತಿಂದಾಗ ಏನೂ ಆಗದಿದ್ದರೆ ಅದು ಅಲರ್ಜಿ ಎನಿಸುವುದಿಲ್ಲ. ಅನಗತ್ಯವಾಗಿ ನಿಲ್ಲಿಸಿದರೆ ಇದ್ದ ಸಹನೆಯೂ ಹೋಗಬಹುದು. ಹಾಗೆಂದು ನಿಲ್ಲಿಸಿದ ಮೇಲೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಅಲರ್ಜಿ ತಜ್ಞರ ಬಳಿ, ಅವರ ಕಣ್ಣೆದುರು ತಿನ್ನಿಸಿ ನೋಡುವ ಪರೀಕ್ಷೆ ಇದೆ. ಬೇಗ ಹೋಗಲು ಹೇಳಿ.

ನೇರಮಾತು:
ಹೇಳುತ್ತೇನೆ.

ನೆರಳುಮರ:
ಮೇಷ್ಟ್ರು ಹೇಳಿದಂತೆ ಪ್ರವಾಸಕ್ಕೆ ಹೋಗುವ ಶಿಕ್ಷಕಿಯನ್ನೇ ನೇರವಾಗಿ ಕಂಡೆ. ಒಂದು ಪುಟದ ಸೂಚನೆಯನ್ನು ಅವರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಮಗನಿಗೆ ಕನ್ನಡಕದ ಡಬ್ಬಿಯ ವಿಷಯ ಹೇಳಿದೆ. 'ನೋಡೋಣ' ಎಂದಿದ್ದಾನೆ. ನಿನ್ನೆಯವರೆಗೆ 'ಇಲ್ಲ' ಎನ್ನುತ್ತಿದ್ದ.

ರಾತ್ರಿಪಾಳಿ:
ಆ ಸೂಚನೆಯಲ್ಲಿ ಮಲಗಿಸುವ ವಿಷಯ ಇದೆಯೇ? ಇಷ್ಟು ಉದ್ದದ ಚರ್ಚೆಯಲ್ಲಿ ಒಬ್ಬರೂ ಅದನ್ನು ಎತ್ತಲಿಲ್ಲ. ಚುಚ್ಚಿದ ತಕ್ಷಣ ಹುಡುಗನನ್ನು ಎಬ್ಬಿಸಿ ಬಸ್ಸಿನವರೆಗೆ ನಡೆಸಿಕೊಂಡು ಹೋಗಬಾರದು. ರಕ್ತದೊತ್ತಡ ಇಳಿದಿರುವಾಗ ಥಟ್ಟನೆ ಎದ್ದು ನಿಂತರೆ ಹೃದಯಕ್ಕೆ ರಕ್ತ ಸಾಲದೆ ಪ್ರಾಣವೇ ಹೋದದ್ದಿದೆ. ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾಗಿದ್ದರೆ ಕಾಲು ಚಾಚಿ ಕೂರಿಸಬಹುದು. ಆಂಬುಲೆನ್ಸ್ ಅವನಿರುವಲ್ಲಿಗೇ ಬರಲಿ.

ನೆರಳುಮರ:
ಇಲ್ಲ, ಅದರಲ್ಲಿ ಇಲ್ಲ. ವಾಂತಿ ಆಗುತ್ತಿದ್ದರೆ?

ರಾತ್ರಿಪಾಳಿ:
ಪಕ್ಕಕ್ಕೆ ಮಗ್ಗುಲಾಗಿ. ಮತ್ತೆ, ಆಸ್ಪತ್ರೆಯಲ್ಲಿ ಹುಷಾರಾದ ಎಂದು ಒಡನೆ ಕರೆದುಕೊಂಡು ಬರಬಾರದು. ಕೆಲವು ಗಂಟೆಗಳ ನಂತರ ಎರಡನೆಯ ಸಲ ಮರುಕಳಿಸುವುದಿದೆ, ಅದಕ್ಕೇ ನಾವು ಇರಿಸಿಕೊಳ್ಳುತ್ತೇವೆ. ಶಿಕ್ಷಕಿಗೆ ಇವೆರಡನ್ನೂ ಕೈಯಲ್ಲೇ ಬರೆದು ಕೊಡಿ, ವೈದ್ಯರ ಸಹಿಗೆ ಕಾಯಬೇಡಿ.